ದೋಣಿ ಬ್ಯಾಟರಿಯ ಸೇಡು

‘ಆ ದಿನಗಳು’ ಎಂದು ಬರೆಯುವಷ್ಟು ವಯಸ್ಸು ನನಗಿನ್ನೂ ಆಗಿಲ್ಲ. ಆದರೂ ಪುರವರದ ಹತ್ತಿರದ ನಮ್ಮ ಕೆರೆ ಕೋಡಿ ಬಿದ್ದ ವರ್ಷವನ್ನು ನೆನೆದರೆ ಅದು ಬೇರೆ ಯಾವುದೋ ಕಾಲ ಅನ್ನಿಸುತ್ತದೆ. ನಿಮ್ಮೂರ ಕೆರೆಯೂ ಆ ವರ್ಷ ತುಂಬಿದ್ದೀತು. ನೀವು ನೆನೆದು ಖುಷಿಪಡುತ್ತೀರಿ. ನಾನು ಹಲ್ಲು ಕಡಿಯುತ್ತೇನೆ.

ನಮ್ಮ ಹಳ್ಳಿಗೂ ಬಸ್ ರಸ್ತೆಗೂ ನಡುವಿನ ದಾರಿಯನ್ನು ಹಿನ್ನೀರು ನುಂಗಿತ್ತು. ಕರೆಂಟು ಕಂಬಗಳು ನೀರಿನಲ್ಲಿ ವಾಲಿಕೊಂಡಿದ್ದವು. ಹಳ್ಳಿಯ ಯಾವ ಮನೆಯಲ್ಲೂ ಕರೆಂಟಿರಲಿಲ್ಲ. ಮಕ್ಕಳಾದ ನಮಗೆ ಅದೇ ಹಬ್ಬ. ದಡದಲ್ಲಿ ಕುಂಟೆಬಿಲ್ಲೆ, ಸುಟ್ಟ ಕಡ್ಲೆಕಾಯಿ, ಮೂರು ಹೊತ್ತೂ ಮೀನಿನ ಸಾರಿನ ವಾಸನೆ.

ದೊಡ್ಡಪ್ಪ ಮೀನಿನ ಗುತ್ತಿಗೆಗೆಂದು ಒಂದು ಫೈಬರ್ ದೋಣಿ ತಂದಿದ್ದ. ಅದಕ್ಕೆ ಬ್ಯಾಟರಿಯಲ್ಲಿ ಓಡುವ ಪುಟ್ಟ ಮೋಟರು. ಅವನು ಮೀನು ತಗೊಂಡು ಶಿರಾ ಮಾರ್ಕೆಟ್ಟಿಗೆ ಹೋದಮೇಲೆ ದೋಣಿ ದೊಡ್ಡಮ್ಮನ ಕೈಗೆ. ಹಾಲಿನ ಕ್ಯಾನು, ಸ್ಕೂಲಿನ ಮಕ್ಕಳು, ಬಸುರಿಯರು, ಎಲ್ಲರನ್ನೂ ಅವಳೇ ದಾಟಿಸುತ್ತಿದ್ದಳು. ಬ್ಯಾಟರಿಯ ಪಕ್ಕ ಕೂರುವುದು ನನ್ನ ಹಕ್ಕು.

ಚಾರ್ಜ್ ಮಾಡಲು ಕರೆಂಟಿದ್ದ ಒಂದೇ ಜಾಗ ಆಚೆ ದಡದ ಹಿಟ್ಟಿನ ಮಿಲ್ಲು. ಒಂದು ಬ್ಯಾಟರಿ ದೋಣಿಯಲ್ಲಿರುವಾಗ ಇನ್ನೊಂದನ್ನು ಬೆಳಿಗ್ಗೆ ಅಲ್ಲಿ ಬಿಟ್ಟು ಸಂಜೆ ತರುತ್ತಿದ್ದೆವು. ಮಿಲ್ಲಿನ ಕಾಂತಣ್ಣನಿಗೆ ಒಂದು ಟ್ರ್ಯಾಕ್ಟರಿತ್ತು. ಕೆರೆ ಸುತ್ತಿ ಜನ ಸಾಗಿಸುತ್ತಿದ್ದ. ನಮ್ಮ ದೋಣಿ ಬಂದಮೇಲೆ ಅವನ ಟ್ರೈಲರು ಖಾಲಿ ಓಡಾಡತೊಡಗಿತು. ಆದರೂ ನಕ್ಕೊಂಡೇ ಇದ್ದ. ಆ ನಗುವನ್ನು ನಾವು ನಂಬಿದೆವು.

ಒಂದು ಸಂಜೆ ಬ್ಯಾಟರಿ ಎತ್ತಿ ಕೊಡುತ್ತಾ, "ಫುಲ್ ಆಗೈತೆ ಕಣಮ್ಮ" ಅಂದ.

ಮಾರನೆಯ ಬೆಳಿಗ್ಗೆ ಅಜ್ಜಿಗೆ ಉಬ್ಬಸ ಏರಿತು. ಅವಳನ್ನು ದೋಣಿಯಲ್ಲಿ ಒರಗಿಸಿಕೊಂಡು ಆಸ್ಪತ್ರೆಗೆ ಹೊರಟೆವು. ಕೆರೆಯ ನಟ್ಟನಡುವೆ ಮೋಟರು ಗೊರಗೊರ ಅಂದು ನಿಂತಿತು. ಬ್ಯಾಟರಿಯಲ್ಲಿ ಏನೂ ಇರಲಿಲ್ಲ. ಬಿಸಿಲೇರಿತು. ಅಜ್ಜಿ ಬಾಯಿ ತೆರೆದು ಗಾಳಿಗೆ ಒದ್ದಾಡುತ್ತಿದ್ದಳು, ಕಣ್ಣು ಮೇಲಕ್ಕೆ ಹೋಗುತ್ತಿತ್ತು. ದೊಡ್ಡಮ್ಮ ಕೂರುವ ಹಲಗೆ ಕಿತ್ತು ಹುಟ್ಟು ಹಾಕಿದಳು. ನಾನು ಕ್ಯಾನಿನ ಮುಚ್ಚಳದಲ್ಲಿ ನೀರು ತಳ್ಳಿದೆ. ದಡ ಹತ್ತಿರ ಬಂದಾಗ ಕಾಂತಣ್ಣ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಂತಿದ್ದ. ನೀರಿಗೆ ಒಂದು ಕಾಲೂ ಇಡಲಿಲ್ಲ.

"ಏನ್ ರಂಗಮ್ಮ, ಟ್ರ್ಯಾಕ್ಟರಾಗೆ ಬಂದಿದ್ರೆ ಆಗ್ತಿರ್ನಿಲ್ವಾ?" ಎಂದು ದೊಡ್ಡಮ್ಮನನ್ನು ಕೇಳಿದ.

ಅಜ್ಜಿ ಬದುಕಿದಳು. ಆದರೆ ಮತ್ತೆಂದೂ ಹಟ್ಟಿಯಿಂದ ಹೊಲದವರೆಗೂ ನಡೆಯಲಿಲ್ಲ. ವಾರದ ಮೇಲೆ ಕಾಂತಣ್ಣನ ಹೆಂಡತಿಯೇ ದೊಡ್ಡಮ್ಮನ ಕೈ ಹಿಡಿದು, "ನಮ್ಮನೆಯೋರು ಅವತ್ತು ಸ್ವಿಚ್ಚೇ ಹಾಕ್ನಿಲ್ಲ ಕಣಮ್ಮ. ನನ್ ಹೊಟ್ಟೇಲಿ ಇಟ್ಕೊಳ್ಳಾಕೆ ಆಗ್ಲಿಲ್ಲ" ಎಂದು ಅತ್ತಳು.

ದೊಡ್ಡಮ್ಮ ಅಳಲಿಲ್ಲ. ಚಾರ್ಜರನ್ನು ಮಿಲ್ಲಿನ ಗೋಡೆಯಿಂದ ಕಿತ್ತು ತಂದಳು. ಪಾವಗಡದಲ್ಲಿ ಸೋಲಾರ್ ಪ್ಲೇಟು ಕೂರಿಸುವ ಕೆಲಸಕ್ಕಿದ್ದ ನನ್ನ ಸೋದರಮಾವನಿಗೆ ಫೋನು ಹೋಯಿತು.

ಮಾವ ಎಲ್ಲೋ ಕೊಂಡ ಹಳೆಯ ಪ್ಲೇಟೊಂದನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಕೊಂಡು ಬಂದ. "ಕರೆಂಟ್ ಯಾಕೆ ಅಕ್ಕಯ್ಯಾ? ಎಂಡ ಉಂದಿ ಕದಾ!" ಅಂದ.

"ಎಂಡ ಯಾಕ್ಲಾ ಈಗ, ಕುಡ್ಕೊಂಡ್ ಬಂದಿದೀಯಾ?" ದೊಡ್ಡಮ್ಮ ರೇಗಿದಳು.

ತೆಲುಗಿನಲ್ಲಿ ಎಂಡ ಅಂದರೆ ಹೆಂಡವಲ್ಲ, ಬಿಸಿಲು ಎಂದು ಅಮ್ಮ ಬಿಡಿಸಿ ಹೇಳುವಷ್ಟರಲ್ಲಿ ಹಾಸಿಗೆಯಲ್ಲಿದ್ದ ಅಜ್ಜಿಯೂ ನಗುತ್ತಿದ್ದಳು.

ದೋಣಿಯ ಮೇಲೆ ಬಿದಿರಿನ ಚಪ್ಪರ ಕಟ್ಟಿ ಪ್ಲೇಟು ಕೂರಿಸಿದರು. ಪ್ಲೇಟಿಗೂ ಬ್ಯಾಟರಿಗೂ ನಡುವೆ ಅಂಗೈಯಗಲದ ಒಂದು ಡಬ್ಬ. ಬ್ಯಾಟರಿಗೆ ಎಷ್ಟು ಬೇಕೋ ಅಷ್ಟೇ ಬಿಡುವುದು ಅದರ ಕೆಲಸ. ಕೆಂಪು ವೈರು ಕೆಂಪಿಗೆ, ಕಪ್ಪು ಕಪ್ಪಿಗೆ. ಬಿಸಿಲು ಬಿದ್ದೊಡನೆ ಹಸಿರು ದೀಪ ಮಿನುಗಿತು. ಪ್ಲೇಟಿನ ಧೂಳೊರೆಸುವುದು, ಹೊತ್ತು ತಿರುಗಿದಂತೆ ಅದನ್ನು ತಿರುಗಿಸುವುದು ನನ್ನ ಪಾಲು. ಮಿಲ್ಲಿನಷ್ಟು ಬೇಗ ತುಂಬುತ್ತಿರಲಿಲ್ಲ. ಮೋಡವಿದ್ದರೆ ದೋಣಿ ಬಿಡುತ್ತಿರಲಿಲ್ಲ. ಆದರೆ ಕಾಂತಣ್ಣನ ಬಾಗಿಲಿಗೆ ಹೋಗುವುದು ತಪ್ಪಿತು. ಪ್ಲೇಟು ಒರೆಸುವಾಗೆಲ್ಲ ನಾನು ಅವನ ಮುಖವನ್ನೇ ನೆನೆದು ಉಜ್ಜುತ್ತಿದ್ದೆ.

ಕೋಡಿಯ ಕೆಸರಿನಲ್ಲಿ ಅವನ ಟ್ರ್ಯಾಕ್ಟರು ಹೂತ ದಿನ ನಮ್ಮ ಹಳ್ಳಿಯಲ್ಲಿ ಅವನ ಷಡ್ಡಕನ ಗೃಹಪ್ರವೇಶ. ಹೆಂಡತಿ ಮಕ್ಕಳನ್ನು ಮೊದಲೇ ದಾಟಿಸಿದ್ದೆವು. ಕಡೆಯಲ್ಲಿ ಜರಿ ಪಂಚೆ ಉಟ್ಟು, ಅತ್ತರು ಹಚ್ಚಿಕೊಂಡು ಅವನೊಬ್ಬನೇ ಬಂದು ಕೂತ.

ಕೆರೆಯ ನಡುವೆ, ಅಜ್ಜಿ ಗಾಳಿಗೆ ಬಾಯಿ ತೆರೆದಿದ್ದ ಜಾಗಕ್ಕೆ ಬಂದದ್ದೇ ನಾನು ಬ್ಯಾಟರಿಯ ಕೆಂಪು ಕ್ಲಿಪ್ಪು ಕಿತ್ತೆ. ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡಮ್ಮ ಕ್ಲಿಪ್ಪನ್ನು ನೋಡಿದಳು, ನನ್ನನ್ನು ನೋಡಿದಳು.

"ಚಾರ್ಜ್ ಹೋಯ್ತು ಕಣಣ್ಣ."

"ಇಷ್ಟು ಬಿಸಿಲೈತಲ್ಲಮ್ಮ!"

"ಪ್ಲೇಟೂ ನಿನ್ನಂಗೆ. ಫುಲ್ ಆಗೈತೆ ಅಂತದೆ, ಒಳಗೇನೂ ಇರಾಕಿಲ್ಲ." ಅವನ ಕೈಗೆ ಹಲಗೆ ಕೊಟ್ಟಳು. "ಹುಟ್ಟಾಕು."

ಪ್ಲೇಟಿನ ನೆರಳು ನಮ್ಮ ಮೇಲಿತ್ತು, ಬಿಸಿಲು ಅವನ ಮೇಲೆ. ಅಭ್ಯಾಸವಿಲ್ಲದ ಕೈ; ದೋಣಿ ಗಿರಗಿರ ಸುತ್ತಿತು. ಪಂಚೆ ತೊಯ್ದು ತೊಡೆಗೆ ಅಂಟಿತು. ಅಂಗೈಯಲ್ಲಿ ಬೊಬ್ಬೆ ಎದ್ದವು. ದಡದ ತುಂಬ ಜನ ನೆರೆದಿದ್ದರು.

"ನಮ್ಮತ್ತೆ ಇಲ್ಲೇ ಕುಂತಿದ್ಲು" ಅಂದಳು ದೊಡ್ಡಮ್ಮ. "ಯಾಕೆ ಅಂತ ಯೋಳು. ಅವ್ರಿಗೆಲ್ಲ ಕೇಳಂಗೆ ಯೋಳು."

ಅವನು ಬಹಳ ಹೊತ್ತು ಹುಟ್ಟು ಹಾಕಿ ನೋಡಿದ. ಆಮೇಲೆ ಗಂಟಲು ಹರಿಯುವಂತೆ ಕೂಗಿದ: "ಸ್ವಿಚ್ ಹಾಕ್ನಿಲ್ಲ ತಾಯಿ! ತಪ್ಪಾಯ್ತು, ಬುಟ್ಬುಡು!"

ನಾನು ಕ್ಲಿಪ್ಪು ಸಿಕ್ಕಿಸಿದೆ. ಮೋಟರು ಗುಂಯ್ ಅಂದಿತು. ಅವನ ಬಾಯಿ ತೆರೆದದ್ದು ಮುಚ್ಚಲಿಲ್ಲ. ದೊಡ್ಡಮ್ಮ ದೋಣಿ ತಿರುಗಿಸಿ, ಊಟದ ಮನೆಗಲ್ಲ, ಅವನ ಮಿಲ್ಲಿನ ದಡಕ್ಕೇ ಒಯ್ದು ಇಳಿಸಿದಳು.

ಅಜ್ಜಿಗೆ ಎಲ್ಲ ಹೇಳಿದೆ. "ಎಷ್ಟೊತ್ತು ಕುಂಡ್ರಿಸಿದ್ರಿ?" ಎಂದು ಕೇಳಿದಳು.

"ನೀನು ಕೂತಿದ್ದಷ್ಟೇ."

"ಸಾಲ್ದು" ಅಂದಳು.

ಈಗ ರಸ್ತೆ ಎತ್ತರಿಸಿದ್ದಾರೆ. ಕೆರೆಯಲ್ಲಿ ಜಾಲಿ ಬೆಳೆದಿದೆ. ಅಜ್ಜಿ ಇಲ್ಲ. ಕಾಂತಣ್ಣ ಆ ಕತೆಯನ್ನು ತಾನೇ ಹೇಳಿಕೊಂಡು ನಗುತ್ತಾನೆ, ದೊಡ್ಡಮ್ಮ ಅವನಿಗೆ ಟೀ ಕೊಡುತ್ತಾಳೆ. "ಬುಡವ್ವ, ವಯಸ್ಸಾಯ್ತು ಅವ್ನಿಗೆ" ಅನ್ನುತ್ತಾಳೆ. ನಾನು ಬಿಟ್ಟಿಲ್ಲ. ಅವನ ಮಿಲ್ಲಿನ ಹಿಟ್ಟಿನ ಮುದ್ದೆ ಇವತ್ತಿಗೂ ಮುಟ್ಟುವುದಿಲ್ಲ.

ಮಧುಗಿರಿಯಲ್ಲಿ ನಾನು ಕೆಲಸಕ್ಕಿರುವ ಬಟ್ಟೆ ಅಂಗಡಿಯಲ್ಲಿ ಓನರು ಗಿರಾಕಿಗಳ ಮುಂದೆಯೇ ಬೈಯುತ್ತಾನೆ. ತಲೆ ತಗ್ಗಿಸಿ "ಆಯ್ತು ಸಾರ್" ಅನ್ನುತ್ತೇನೆ. ಫೋನಿನಲ್ಲಿ ಹೇಳಿಕೊಂಡರೆ ಮನೆಯವರೆಲ್ಲ "ಅಡ್ಜಸ್ಟ್ ಮಾಡ್ಕೊ" ಅನ್ನುತ್ತಾರೆ. ಆ ವರ್ಷ ನಮ್ಮಲ್ಲಿ ಕರೆಂಟಿರಲಿಲ್ಲ, ದಾರಿ ಇರಲಿಲ್ಲ. ಆದರೆ ಒಬ್ಬರಿಗೆ ನೋವಾದರೆ ಸಿಟ್ಟಾಗುವವರು ಮನೆ ತುಂಬ ಇದ್ದರು.