ಮಗಳು ಅರ್ಥ ಹೇಳಿದ್ದು ಬೀಗರ ಓದಿಗೆ

ಪ್ರಾತಃಕಾಲದ ಸ್ನಾನ, ಲಿಂಗಪೂಜೆಗಳು ಮುಗಿದ ಮೇಲೆ ದಿನಪತ್ರಿಕೆಯನ್ನು ಗಟ್ಟಿಯಾಗಿ ಓದುವುದು ನ್ಯಾಮತಿಯ ನಮ್ಮ ಮನೆಯಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಹಣೆಯ ವಿಭೂತಿ ಆರುವ ಮುನ್ನ ಪತ್ರಿಕೆ ಕೈಗೆ ಬರಬೇಕು. ಮಗ ಮಾತ್ರ ಈ ಓದಿಗೆ ಎಂದೂ ಕಿವಿ ಕೊಟ್ಟವನಲ್ಲ. ಅವನ ಲೋಕವಾರ್ತೆಯೆಲ್ಲ ಮೊಬೈಲಿನೊಳಗಿನ ಕ್ರಿಕೆಟ್ಟು. ಮಗಳು ಹಾಗಲ್ಲ. ಅಕ್ಷರ ಕೂಡಿಸಲು ಬಂದ ದಿನದಿಂದಲೂ ಅವಳು ನನ್ನ ಎಡಗಡೆಗೆ ಕುಳಿತವಳು.

ನಾನು ಪಾಠಶಾಲೆಯಲ್ಲಿ ಸಂಸ್ಕೃತ ಕಲಿತು, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಶ್ರಾವಣಮಾಸದ ಸಂಜೆಗಳಲ್ಲಿ ನಮ್ಮೂರ ಗುಡಿಯಲ್ಲಿ ಪುರಾಣ ಓದುವುದು ನನ್ನ ಪಾಲಿನ ಸೇವೆ, ಹವ್ಯಾಸ ಎಂದರೂ ತಪ್ಪಿಲ್ಲ. ಪುರಾಣಕ್ಕೆ ಇಬ್ಬರು ಬೇಕು. ಒಬ್ಬರು ಪದ್ಯವನ್ನು ರಾಗವಾಗಿ ಓದಿ ನಿಲ್ಲಿಸುತ್ತಾರೆ. ಇನ್ನೊಬ್ಬರು ಅದರ ಅರ್ಥವನ್ನು ಜನಕ್ಕೆ ಬಿಡಿಸಿ ಹೇಳುತ್ತಾರೆ. ತಂದೆಮಗಳು ಈ ಕ್ರಮವನ್ನು ಪತ್ರಿಕೆಗೂ ಹೊಂದಿಸಿಕೊಂಡಿದ್ದೆವು. ಶಾಸಕರೊಬ್ಬರು ಪಕ್ಷ ಬಿಟ್ಟರೆಂದು ನಾನು ಓದಿ ನಿಲ್ಲಿಸಿದರೆ, ಅವಳು ಕೈಮುಗಿದು, "ಕೇಳ್ರಿ ಶರಣರೇ, ಹಳೇ ಕೊಟ್ಟಿಗೇಲಿ ಮೇವು ತೀರಿತ್ತು, ಹೊಸ ಕೊಟ್ಟಿಗೆ ಕಡೆಯಿಂದ ಹಸಿರು ವಾಸನೆ ಬಂತು" ಎನ್ನುವಳು. ಅಡಿಕೆ ಧಾರಣೆ ಏರಿತೆಂದು ಓದಿದರೆ, "ಇದರ ಅರ್ಥ ಏನಪ್ಪಾ ಅಂದ್ರೆ, ಇನ್ನು ಚನ್ನಗಿರಿ ಸೋದರಮಾವ ನಮ್ಮ ಫೋನು ಎತ್ತಂಗಿಲ್ಲ" ಎನ್ನುವಳು. ಒಳಗಿನಿಂದ ನನ್ನ ಹೆಂಡತಿ, "ಲೋಕದ ಸುದ್ದಿ ಎಷ್ಟಾರ ಹೇಳ್ಕೊಳ್ರಿ, ನನ್ನ ತವರಿನ ಸುದ್ದಿಗೆ ಬರಬ್ಯಾಡ್ರಿ" ಎಂದು ಲಟ್ಟಣಿಗೆ ಕುಟ್ಟುವಳು.

ಮಗಳನ್ನು ಜಗಳೂರಿಗೆ ಕೊಟ್ಟೆವು. ಬೀಗರು ಶೇಂಗಾ, ಮೆಕ್ಕೆಜೋಳದ ವ್ಯಾಪಾರಸ್ಥರು. ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಮದುವೆಯ ನಂತರವೂ ಅವಳು ಬೆಳಿಗ್ಗೆ ಫೋನು ಮಾಡಿ ಒಂದೆರಡು ಸುದ್ದಿಗಾದರೂ ಅರ್ಥ ಹೇಳುತ್ತಿದ್ದಳು. ಪ್ರತಿ ಶ್ರಾವಣಕ್ಕೆ ತವರಿಗೆ ಬಂದು ಗುಡಿಯಲ್ಲಿ ನನ್ನ ಎಡಗಡೆಗೆ ಕೂರುತ್ತಿದ್ದಳು. ಕಳೆದ ವರ್ಷದಿಂದ ಫೋನಿನ ಮಾತು ಗಿಡ್ಡವಾಗುತ್ತ ಬಂತು. ಕೆಲಸ ಹೆಚ್ಚಾಗಿರಬೇಕೆಂದು ಎಣಿಸಿದ್ದೆ.

ಈ ಸಲ ಆಷಾಢದ ಕೊನೆಗೆ ಅವಳೇ ಫೋನು ಮಾಡಿದಳು. "ಅಪ್ಪಾಜಿ, ಈ ವರ್ಷ ನಮ್ಮ ಮಾವಾರು ಇಲ್ಲಿ ಗುಡೀಲಿ ಪುರಾಣ ಹಚ್ಚಿಸ್ತಿದಾರೆ. ಓದೋದು ಅವರೇ. ಅರ್ಥ ನಾನು ಹೇಳ್ಬೇಕಂತೆ."

"ಅವರಿಗೆ ಓದಾಕೆ ಬರ್ತೈತೇನಮ್ಮಾ?"

"ಬರ್ರಿ, ನೀವೇ ಕೇಳಿರಂತೆ."

"ಸೋಮವಾರ ನಮ್ಮ ಪುರಾಣ ಶುರು. ನನ್ನ ಪಕ್ಕ ಯಾರು ಕೂರಬೇಕು?"

"ಒಂದು ವರ್ಷ ಬೇರೆ ಯಾರನ್ನಾದ್ರೂ ಕೂರಿಸ್ಕೊಳ್ರಿ ಅಪ್ಪಾಜಿ" ಎಂದಳು.

ಅರಿಷಡ್ವರ್ಗಗಳನ್ನು ಎಣಿಸುವಾಗ ಮತ್ಸರವನ್ನು ಕೊನೆಯಲ್ಲಿಟ್ಟ ಹಿರಿಯರ ವಿವೇಕ ಅಂದು ನನಗೆ ತಿಳಿಯಿತು. ಕಾಮಕ್ರೋಧಾದಿಗಳು ವಯಸ್ಸಿನೊಂದಿಗೆ ಒಂದೊಂದಾಗಿ ಎದ್ದುಹೋಗುತ್ತವೆ. ಇದೊಂದು ಮಾತ್ರ, ಪಂಕ್ತಿಯಲ್ಲಿ ತಡವಾಗಿ ಕುಳಿತವನಂತೆ, ಎಲ್ಲರೂ ಕೈತೊಳೆದ ಮೇಲೂ ಉಣ್ಣುತ್ತಿರುತ್ತದೆ. ಪೂಜೆಗೆ ಕುಳಿತರೆ ಅಂಗೈಯಲ್ಲಿದ್ದ ಲಿಂಗದ ಮೇಲೆ ದೃಷ್ಟಿ ನಿಲ್ಲಲಿಲ್ಲ. ಬೀಗರ ಎಡಗಡೆಗೆ ಕುಳಿತ ಮಗಳೇ ಕಾಣುತ್ತಿದ್ದಳು.

ಹೆಂಡತಿ ನನ್ನ ಮುಖ ನೋಡಿ ಎಲ್ಲ ಓದಿಕೊಂಡಳು. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ಮದುವೆ ದಿನ ನನಗೆ ಸಮಾಧಾನ ಹೇಳಿದೋರು ಯಾರ್ರಿ? ನಾನು ಅಳ್ತಾ ಇದ್ದೆ, ನೀವು ಶ್ಲೋಕ ಹೇಳ್ತಾ ಇದ್ರಿ."

"ಅದು ಬೇರೆ ಮಾತು."

"ಹೆಂಗೆ ಬೇರೆ? ಮಗಳ್ನ ಕೊಡುವಾಗ ಅವಳ ಬಾಯಿ ನಿಮ್ಮ ಹತ್ರ ಇಟ್ಕೊಂಡು ಕೊಟ್ಟಿದ್ರೇನು?"

ಬೀಗರ ಪುರಾಣ ನಮ್ಮದಕ್ಕಿಂತ ಮೊದಲೇ, ಶ್ರಾವಣದ ಮೊದಲ ದಿನವೇ ಆರಂಭ. ಆ ನೆಪದಲ್ಲಿ ಹೋಗಿ, ಬೀಗರ ಓದನ್ನು ಕಿವಿಯಾರೆ ಕೇಳಿ, ಮಗಳಿಗೆ ಅಂತರ ತಿಳಿಯುವಂತೆ ಮಾಡಿ, ಸೋಮವಾರದೊಳಗೆ ಕರೆದುಕೊಂಡು ಬರುವುದೆಂದು ನಿಶ್ಚಯಿಸಿ ಇಬ್ಬರೂ ಹೊರಟೆವು. ಬಸ್ಸಿನಲ್ಲಿ ಹೆಂಡತಿಗೆ ಪುಕ್ಕಟೆ ಚೀಟಿ, ಕಿಟಕಿಯ ಸೀಟು. ನನಗೆ ದುಡ್ಡಿನ ಚೀಟಿ, ನಿಲ್ಲುವ ಭಾಗ್ಯ. ಹೊನ್ನಾಳಿಯ ಸೇತುವೆಯ ಮೇಲೆ ಬಸ್ಸು ನಿಧಾನಿಸಿದಾಗ ಕೆಂಪಾಗಿ ತುಂಬಿ ಹರಿಯುತ್ತಿದ್ದ ಹೊಳೆಗೆ ಎಲ್ಲರೂ ಕೈಮುಗಿದರು. ನಾನೂ ಮುಗಿದೆ. ಬೇಡಿಕೊಂಡದ್ದೇನೆಂದು ಬರೆಯಲಾರೆ, ಹೊಳೆ ಅದನ್ನು ನಡೆಸಿಕೊಡದೆ ದೊಡ್ಡತನ ತೋರಿತು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಮುಂದೆ ಹೋದಂತೆ ಮಳೆ ಹಿಂದುಳಿಯಿತು, ಬಯಲು ತೆರೆಯಿತು, ಎರಡೂ ಕಡೆ ಮೆಕ್ಕೆಜೋಳದ ಹೊಲಗಳು ಬಂದವು.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಪಡಸಾಲೆಗೆ ಬಂದೆ. ಬೀಗರು ಪತ್ರಿಕೆ ಹಿಡಿದು, ಸಾಲಿನ ಕೆಳಗೆ ಬೆರಳು ಸರಿಸುತ್ತ, ಸಂತೆಯಲ್ಲಿ ಕೂಗಿದಂತೆ ಓದುತ್ತಿದ್ದರು. ಮಗಳು ಚಹದ ಲೋಟ ಹಿಡಿದು ಕಂಬಕ್ಕೆ ಒರಗಿ ನಿಂತಿದ್ದಳು. ಯಾವುದೋ ದೂರದೇಶದ ಯುದ್ಧ ನಿಲ್ಲಿಸಲು ಮಾತುಕತೆ ನಡೆದಿದೆಯೆಂದು ಓದಿದ ಬೀಗರು ತಲೆಯೆತ್ತಿ, "ಹೂಂ, ಹೇಳವ್ವಾ" ಎಂದರು.

"ಕೇಳ್ರಿ ಶರಣರೇ, ಇಬ್ಬರೂ ಒಂದೇ ಪಂಕ್ತೀಲಿ ಉಣ್ಣಾಕೆ ಕೂತಾರೆ. ಎಲೆ ಇನ್ನಾ ಹಾಕಿಲ್ಲ. ಮೊದಲು ಯಾರಿಗೆ ಹಾಕ್ಬೇಕು ಅಂತ ಜಗಳ ನಡದೈತೆ."

ಬೀಗರು ಕನ್ನಡಕ ಜಾರುವ ಹಾಗೆ ನಕ್ಕರು. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. "ಬರ್ರಿ ಬೀಗ್ರೇ, ಕೂತ್ಕೊಳ್ರಿ! ಇಂಥ ಮಗಳ್ನ ಹೆಂಗೆ ಮನಸು ಬಂದು ಕೊಟ್ರಿ ನಮಗೆ? ನಾನಾಗಿದ್ರೆ ಹೆಣ್ಣು ನೋಡಾಕೆ ಬಂದೋರಿಗೆ ಬಾಗಿಲೇ ತೆಗೀತಿರಲಿಲ್ಲ."

ಅವರದು ನಿಷ್ಕಪಟವಾದ ಮಾತು. ನನಗೆ ಮಾತ್ರ ಅದು ಬಾಯಿಗೆ ಬಿದ್ದ ಬಿಸಿ ಪ್ರಸಾದದ ತುತ್ತಿನಂತಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. 'ಕೇಳ್ರಿ ಶರಣರೇ' ಎಂಬ ಆ ಮಾತನ್ನು ಅವಳಿಗೆ ಕಲಿಸಿದವನು ನಾನು. ಫೋನಿನ ಮಾತು ಗಿಡ್ಡವಾದದ್ದೇಕೆಂದು ಈಗ ತಿಳಿಯಿತು. ನನ್ನ ಪಾಲಿನ ಬೆಳಗು ಇಲ್ಲಿ ಖರ್ಚಾಗುತ್ತಿತ್ತು.

ಒಳಗೆ ಅವಳೊಬ್ಬಳೇ ಇದ್ದಾಗ ಕೇಳಿಯೇಬಿಟ್ಟೆ. "ಸೋಮವಾರದೊಳಗೆ ನಮ್ಮ ಜೊತೆ ಬರ್ತೀಯೇನಮ್ಮಾ? ಇಲ್ಲಿಗೆ ಬೇರೆ ಯಾರಾದ್ರೂ ಆಗ್ತಾರೆ."

ಅವಳು ತೊಗರಿಬೇಳೆ ಆರಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಇವತ್ತು ಸಂಜೆ ಕೇಳ್ರಿ ಅಪ್ಪಾಜಿ. ಆಮೇಲೆ ಮಾತಾಡೋಣ" ಎಂದಳು.

ಸಂಜೆ ಗುಡಿಯಲ್ಲಿ ಜನ ಸೇರಿದ್ದರು. ಬೀಗರು ಗ್ರಂಥಕ್ಕೆ ನಮಸ್ಕರಿಸಿ ಓದಲಾರಂಭಿಸಿದರು. ಭಕ್ತನೊಬ್ಬ ಮನೆಗೆ ಬಂದ ಜಂಗಮನ ಪಾದ ತೊಳೆಯುವ ಪ್ರಸಂಗ. ಶಾರೀರವೇನೋ ಇತ್ತು, ಆದರೆ ಉಸಿರು ಮುಗಿದಲ್ಲಿ ನಿಲ್ಲುವ ಓದು. ತಂಬಿಗೆ ಬಾಗಿತು ಎಂಬಲ್ಲಿ ನಿಲ್ಲಿಸಿಬಿಟ್ಟರು. ವಾಕ್ಯ ಮುಗಿದಿಲ್ಲ, ನೀರು ಪಾದಕ್ಕೆ ಬಿದ್ದಿಲ್ಲ. ನನ್ನ ಬೆನ್ನು ತಾನಾಗಿ ಸೆಟೆಯಿತು. ಮಗಳು ತಡವರಿಸಲೇ ಇಲ್ಲ.

"ತಂಬಿಗೆ ಬಾಗೈತೆ, ನೀರು ಬಿದ್ದಿಲ್ಲ. ಯಾಕೆ? ಇವನು ಪಾದ ನೋಡ್ತಾ ಇದಾನೆ. ಎಷ್ಟು ದೂರದಿಂದ ನಡೆದು ಬಂದಾವೆ ಈ ಪಾದ ಅಂತ. ನಮ್ಮನೇಗೆ ಬಂದೋರಿಗೆ ನೀರು ಕೊಡೋ ಮುಂಚೆ ಒಂದ್ಸಲ ಅವರ ಪಾದ ನೋಡೀವೇನ್ರಿ ನಾವು?"

ಜನ 'ಹೌದೌದು' ಎಂದರು. ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ಆ ಅರ್ಥ ಪದ್ಯದಲ್ಲಿರಲಿಲ್ಲ; ಬೀಗರ ತಪ್ಪಿನೊಳಗಿನಿಂದ ಅವಳು ಅದನ್ನು ಎತ್ತಿ ತೆಗೆದಿದ್ದಳು. ಇಷ್ಟು ವರ್ಷ ನಾನು ಯತಿ ತಪ್ಪದೆ, ಪ್ರಾಸ ಕೆಡದೆ ಓದಿದ ಓದಿಗೆ ಅವಳಿಂದ ಅಂಥ ಮಾತೊಂದು ಬಂದದ್ದು ನೆನಪಾಗಲಿಲ್ಲ.

ಬೀಗರು ಮುಂದಿನ ಪದ್ಯವನ್ನೂ ಅರ್ಧಕ್ಕೆ ನಿಲ್ಲಿಸಿ ಉಸಿರೆಳೆದುಕೊಂಡರು. ಮಗಳು ಬಾಯಿ ತೆರೆಯುವ ಮುನ್ನ, ಕುಳಿತಲ್ಲಿಂದಲೇ, ಉಳಿದರ್ಧವನ್ನು ನಾನು ಎತ್ತಿಕೊಂಡೆ. ಯೋಚಿಸಿ ಮಾಡಿದ್ದಲ್ಲ. ಬಾಯಿಪಾಠವಾದ ಪದ್ಯ, ದನಿ ತಾನೇ ಎದ್ದಿತು. ಎದ್ದ ಮೇಲೆ ನಿಲ್ಲಿಸುವ ಮನಸ್ಸು ನನಗಿರಲಿಲ್ಲ. ಕೊನೆಯ ಸಾಲನ್ನು ಬೇಕೆಂದೇ ಎಳೆದು, ಇಳಿಸಿ, ಮುಗಿಸಿದೆ.

ಜನ ತಿರುಗಿ ನನ್ನತ್ತ ನೋಡಿದರು. ಅಲ್ಲಿಯ ಹಿರಿಯರೊಬ್ಬರು ಎದ್ದು ನಿಂತು, "ಮೇಲಕ್ಕೆ ಬರ್ರಿ ಯಜಮಾನ್ರೇ" ಎಂದರು.

"ತಪ್ಪಾಯ್ತು, ಅಭ್ಯಾಸಬಲ" ಎಂದೆ.

"ತಪ್ಪಲ್ಲ, ನಮ್ಮ ಗುಡಿ ರಿವಾಜು. ಪುರಾಣದಾಗೆ ಒಬ್ರು ನಿಲ್ಲಿಸಿದ ಪದ ಯಾರು ಎತ್ತಿಕೊಂಡ್ರೋ ಕಡೇ ದಿನದ ಮಂಗಳದ ತನಕ ಅವರೇ ಓದ್ಬೇಕು. ಎತ್ತಿದ್ದನ್ನ ನಡುವೆ ಇಳಿಸಂಗಿಲ್ಲ. ಇಡೀ ಶ್ರಾವಣ ನೀವು ನಮ್ಮೋರು."

ನಾನು ಬೀಗರ ಕಡೆ ನೋಡಿದೆ. ಅವಮಾನದ ಒಂದು ಗೆರೆಯಾದರೂ ಆ ಮುಖದ ಮೇಲೆ ಮೂಡೀತೆಂದು ಕಾದೆ. ಅವರು ಆಗಲೇ ಪೀಠದಿಂದ ಇಳಿದಿದ್ದರು, ತಮ್ಮ ಹೆಗಲ ಶಾಲನ್ನು ನನಗೆ ಹೊದಿಸುತ್ತ, "ಬದುಕಿದೆ ಬೀಗ್ರೇ! ಊರೋರೆಲ್ಲ ಸೇರಿ ಕೂರಿಸಿದ್ರು, ನನಗೆಲ್ಲಿ ಬರ್ತೈತೆ ಓದು! ಇನ್ನು ಸುಮ್ನೆ ಕೂತು ಕೇಳ್ತೀನಿ" ಎಂದು ಹೋಗಿ ಮುಂದಿನ ಸಾಲಿನಲ್ಲಿ ಚಕ್ಕಂಬಕ್ಕಳ ಹಾಕಿದರು.

ಹೀಗೆ ಮಗಳು ನನ್ನ ಎಡಗಡೆಗೆ ಬಂದಳು. ನಾನು ಓದಿದೆ, ಚೆನ್ನಾಗಿಯೇ ಓದಿದೆ. ಅವಳು ಹೇಳಿದ ಅರ್ಥದಲ್ಲಿ ಒಂದೂ ತಪ್ಪಿರಲಿಲ್ಲ. ಪದಕ್ಕೆ ಪದ, ನಿಘಂಟಿನಂತೆ ಇತ್ತು. ಪ್ರತಿ ಮಾತಿಗೂ ಮೊದಲು ಅವಳು ನನ್ನತ್ತ ನೋಡುತ್ತಿದ್ದಳು. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಬೀಗರು ನಮ್ಮ ಮಾನ ಕಾಯಲೆಂಬಂತೆ ಬಲವಾಗಿ ತಲೆದೂಗುತ್ತಿದ್ದರು.

ಮನೆಗೆ ಬಂದು ನ್ಯಾಮತಿಯ ಗುಡಿಯವರಿಗೆ ಫೋನು ಮಾಡಿ, ಅಳುಕುತ್ತ ಸಂಗತಿ ತಿಳಿಸಿದೆ. "ಅಲ್ಲೇ ಓದ್ರಿ ಮೇಷ್ಟ್ರೇ, ಚಿಂತಿ ಮಾಡಬ್ಯಾಡ್ರಿ. ಸವಳಂಗದೋರು ಒಬ್ರು ಭಾಳ ದಿನದಿಂದ ಕೇಳ್ತಿದ್ರು, ಅವರನ್ನ ಕೂರಿಸ್ತೀವಿ" ಎಂದರು. ಅಷ್ಟು ಸಲೀಸಾಗಿ! ಒಂದು ಸಲ ಅಂದಿದ್ದರೂ ಸಾಕಿತ್ತು, 'ನೀವಿಲ್ಲದೆ ಹೆಂಗೆ' ಎಂದು. ಪಕ್ಕದಲ್ಲಿದ್ದ ಹೆಂಡತಿ ಕೇಳಿದಳು: "ಎರಡೂ ಊರಿನ ಪೀಠ ನಿಮಗೇ ಬೇಕಾಗಿತ್ತೇನ್ರಿ?"

ಊಟಕ್ಕೆ ಕರೆಯಲು ಬಂದ ಮಗಳನ್ನು ನಿಲ್ಲಿಸಿದೆ. "ನಿಮ್ಮ ಮಾವಾರ ಓದಿಗೆ ಹೇಳಿದ ಅರ್ಥ ನನ್ನ ಓದಿಗೆ ಯಾಕೆ ಬರಲಿಲ್ಲ?"

ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಅಪ್ಪಾಜಿ, ನೀವು ಓದುವಾಗ ನಿಮ್ಮ ಮುಖ ನೋಡ್ತೀನಿ, ಎಲ್ಲಿ ತಪ್ಪು ಹೇಳಿದ್ನೋ ಅಂತ. ನಿಮ್ಮ ಹುಬ್ಬು ಗಂಟಾಗಿದ್ದು ನಿಮಗೇ ಗೊತ್ತಾಗಲ್ಲ. ಮಾವಾರು ಓದುವಾಗ ಜನರ ಮುಖ ನೋಡ್ತೀನಿ."

"ಮನೇಲಿ ಪತ್ರಿಕೆ ಓದುವಾಗ ಹಾಗಿರಲಿಲ್ಲವಲ್ಲ?"

"ಪತ್ರಿಕೇಲಿ ನಿಮಗೆ ಭಕ್ತಿ ಇರಲಿಲ್ಲ ನೋಡ್ರಿ, ಅದಕ್ಕೆ" ಎಂದು ನಕ್ಕಳು. "ಬರ್ರಿ, ರೊಟ್ಟಿ ಆರ್ತಾವೆ."

ಆ ಮಾತನ್ನು ಮರುದಿನವೆಲ್ಲ ಹೊತ್ತು ತಿರುಗಿದೆ. ಹುಬ್ಬನ್ನು ಹಿಡಿದಿಡಲು ನನ್ನಿಂದಾಗದು. ಅದು ಶಾಸ್ತ್ರದೊಂದಿಗೆ ಬಂದದ್ದು. ಸಂಜೆ ಗುಡಿಗೆ ಹೋದವನೇ ವ್ಯಾಸಪೀಠವನ್ನು ತಿರುಗಿಸಿ, ಗರ್ಭಗುಡಿಗೆ ಮುಖ, ಜನಕ್ಕೆ ಬೆನ್ನು ಮಾಡಿ ಕುಳಿತೆ. "ಇದ್ಯಾಕ್ರಿ ಯಜಮಾನ್ರೇ?" ಎಂದು ಆ ಹಿರಿಯರು ಕೇಳಿದರು. "ಓದು ದೇವರಿಗೆ, ಅರ್ಥ ಜನಕ್ಕೆ" ಎಂದೆ. ಅವರಿಗೆ ಒಪ್ಪಿಗೆಯಾಯಿತು. ಮಗಳು ಜನರ ಕಡೆಗೆ ಮುಖ ಮಾಡಿ ನನ್ನ ಪಕ್ಕದಲ್ಲಿ ಕುಳಿತಳು.

ಮೊದಲೆರಡು ಪದ್ಯಗಳಿಗೆ ಅವಳ ಅರ್ಥ ಅಂಜಿಕೊಂಡೇ ಬಂತು. ಮೂರನೆಯದಕ್ಕೆ ದನಿ ಸಡಿಲವಾಯಿತು. ಆಮೇಲೆ ನನ್ನ ಬೆನ್ನ ಹಿಂದೆ ನಗೆ ಎದ್ದಿತು, ಅಡಗಿತು, ಒಂದು ದೀರ್ಘವಾದ ಮೌನ ಬಂತು, ಆ ಮೌನದ ತುದಿಗೆ ಯಾರೋ 'ಶಿವಶಿವಾ' ಎಂದರು.

ಇದನ್ನು ಬರೆಯುವಾಗ ಮಂಗಳಕ್ಕೆ ಇನ್ನೂ ದಿನಗಳಿವೆ. ದಿನವೂ ಹಾಗೆಯೇ ಕೂರುತ್ತಿದ್ದೇನೆ. ಕಣ್ಣೆದುರಿಗೆ ನಂದಾದೀಪ, ಹೂವು ಹೊತ್ತ ಶಿವಲಿಂಗ. ಯಾವ ಭಕ್ತನಿಗಾದರೂ ಇದಕ್ಕಿಂತ ಒಳ್ಳೆಯ ನೋಟ ಬೇಡ. ಆದರೂ ಅರ್ಥ ಹೇಳುವಾಗ ಅವಳ ಮುಖ ಹೇಗಿರುತ್ತದೆಂದು ಆ ಗುಡಿಯಲ್ಲಿ ಕಾಣದವನು ನಾನೊಬ್ಬನೇ. ಮುಂದಿನ ಸಾಲಿನಲ್ಲಿ ಕುಳಿತ ಬೀಗರು ತೊಡೆ ತಟ್ಟಿಕೊಂಡು, "ಭಲೇ ನಮ್ಮವ್ವಾ!" ಎನ್ನುತ್ತಾರೆ. ಕತ್ತು ತಿರುಗಿಸಬೇಕೆಂದು ಪ್ರತಿಸಲವೂ ಎನಿಸುತ್ತದೆ. ತಿರುಗಿಸಿದರೆ ಅವಳು ನನ್ನನ್ನು ನೋಡುತ್ತಾಳೆ. ಹಲ್ಲು ಕಚ್ಚಿ ಮುಂದಿನ ಪದ್ಯವನ್ನು ಎತ್ತಿಕೊಳ್ಳುತ್ತೇನೆ.