ಐದನೆಯ ಎಸಳು

ಜಮಖಂಡಿಯ ಕಾಲೇಜಿನಲ್ಲಿ ನಮಗೆ ಸಸ್ಯಶಾಸ್ತ್ರ ಕಲಿಸಿದ ಸರ್ ಕಿಸೆಗೆ ಪೆನ್ನು ಹಾಕಲು ಮರೆತರೂ ಭೂತಗನ್ನಡಿ ಮರೆಯುತ್ತಿರಲಿಲ್ಲ. “ಬಣ್ಣಕ್ಕ ಮರುಳಾಗಬ್ಯಾಡ್ರಿ, ಎಸಳ ಎಣಸ್ರಿ” ಎನ್ನುವುದು ಅವರ ಮಂತ್ರ. ಹೋಟೆಲಿನ ಉಪ್ಪಿಟ್ಟಿನೊಳಗಿನ ಕರಿಬೇವಿಗೂ ಅವರು ಭೂತಗನ್ನಡಿ ಹಿಡಿದದ್ದನ್ನು ನಾನು ನೋಡಿದ್ದೇನೆ.

ಒಮ್ಮೆ ವಯೊಲೆಟ್ ಕುಟುಂಬದ ಕಾಡುಹೂವು ಪುರುಷರತ್ನವನ್ನು ತೋರಿಸಲು ಗಲಗಲಿಯ ಹೊಲವೊಂದಕ್ಕೆ ಕರೆದೊಯ್ದರು. ಎಸಳು ಐದು, ನಾಲ್ಕು ಸಣ್ಣವು, ಕೆಳಗಿನದೊಂದೇ ಸಲಿಕೆಯಂತೆ ಅಗಲ ಎಂದು ಬಸ್ಸಿನಲ್ಲೇ ಬಾಯಿಪಾಠ ಮಾಡಿಸಿದರು. ಹೋಗಿ ನೋಡಿದರೆ ಬದು ಬೋಳಾಗಿತ್ತು.

“ಕಾಲೇಜಿನ ಸರ್ ಬರ್ತಾರಂತ ಹರ್ಯಾಗ ಎದ್ದು ಕಸ ಎಲ್ಲಾ ಕಿತ್ತಿಸೇನ್ರಿ,” ಎಂದ ಹೊಲದ ಗೌಡ, ಹೆಮ್ಮೆಯಿಂದ.

ಸರ್ ಬೈಯಲಿಲ್ಲ. “ಕಿತ್ತ ಕಸ ಎಲ್ಲೈತ್ರಿ?”

ಗೌಡ ಎಮ್ಮೆಯತ್ತ ಕೈ ತೋರಿಸಿದ. ಅದರ ತುಟಿಯಂಚಿನಲ್ಲಿ ಒಂದು ಹೂವು ನೇತಾಡುತ್ತಿತ್ತು. ಸರ್ ಮಂಡಿಯೂರಿ ಭೂತಗನ್ನಡಿ ಹಿಡಿದು ಎಣಿಸತೊಡಗಿದರು. ನಾಲ್ಕು ಸಣ್ಣ ಎಸಳು ಮುಗಿಯುವಷ್ಟರಲ್ಲಿ ಎಮ್ಮೆ ಹೂವನ್ನು ಒಳಗೆಳೆದುಕೊಂಡಿತು.

“ಅದು ಪುರುಷರತ್ನ ಅಲ್ಲೇನ್ರಿ?” ಎಂದ ಗೌಡ.

ಸರ್ ಮೊಣಕಾಲಿನ ಮಣ್ಣು ಝಾಡಿಸಿಕೊಂಡು ಎದ್ದರು. “ಐದನೇದು ನೋಡದ ಹೆಂಗ ಹೇಳ್ಲಿರಿ?”