ರಾಯಭಾರಿ ಓದಿದ ಎರಡು ಸಾಲು

ಇರಾನ್-ಇರಾಕ್ ಯುದ್ಧ ನಡೆಯುತ್ತಿದ್ದ ಕಾಲ. ನಾನು ತುಮಕೂರಿನ ಸಣ್ಣ ಪತ್ರಿಕೆಯೊಂದರ ವರದಿಗಾರ. ಗುಬ್ಬಿಯ ಕಾಲೇಜಿಗೆ ನಿವೃತ್ತ ರಾಯಭಾರಿಯೊಬ್ಬರು ಭಾಷಣಕ್ಕೆ ಬಂದಿದ್ದರು. "ದೊಡ್ಡ ದೇಶಗಳಿಗೆ ಈ ಯುದ್ಧ ನಿಲ್ಲೋದೇ ಬೇಕಿಲ್ಲ. ನಮ್ಮ ರಾಜಕಾರಣಿಗಳಿಗೆ ಒಂದು ಹೇಳಿಕೆ ಕೊಟ್ಟರೆ ಮುಗೀತು" ಅಂತ ಖಾರವಾಗಿಯೇ ಹೇಳಿದರು. ಜೋರು ಚಪ್ಪಾಳೆ ಬಿತ್ತು.

ಆಗ ಹಿಂದಿನ ಸಾಲಿನಿಂದ ಬೆಳ್ಳಾವಿಯ ಹೆಂಗಸೊಬ್ಬಳು ಎದ್ದು ಬಂದಳು. ಅವಳ ಗಂಡ ವೆಲ್ಡಿಂಗ್ ಕೆಲಸಕ್ಕೆಂದು ಇರಾಕಿಗೆ ಹೋದವನು. ಎಂಟು ತಿಂಗಳಿಂದ ಸುದ್ದಿಯಿಲ್ಲ.

"ಯಾವುದೋ ಆಫೀಸಿಂದ ಈ ಕಾಗದ ಬಂದೈತೆ ಸಾಮಿ. ಇಂಗ್ಲಿಷ್‌ನಾಗೈತೆ. ಅವ್ರು ಬದುಕವ್ರಾ ಇಲ್ವಾ, ಓದಿ ಹೇಳಿ."

ರಾಯಭಾರಿಗಳು ಕನ್ನಡಕ ಹಾಕಿಕೊಂಡರು. ಇದ್ದದ್ದು ಎರಡೇ ಸಾಲು. ಓದಿ, ಕೆಳಗಿನ ಸಹಿಯನ್ನೂ ನೋಡಿದರು.

"ವಿಚಾರಿಸ್ತಾ ಇದೀವಿ ಅಂತ ಬರೆದಿದಾರಮ್ಮ."

"ಹಂಗಾರೆ ವಿಚಾರಿಸ್ತಾವ್ರೆ ಅನ್ನಿ."

"ಇಲ್ಲಮ್ಮ. ನಾನೂ ಇಂಥ ಕಾಗದಗಳಿಗೆ ವರ್ಷಗಟ್ಟಲೆ ಸಹಿ ಹಾಕಿದೀನಿ. ಒಬ್ಬರನ್ನೂ ಹುಡುಕಿಸಲಿಲ್ಲ."

ಆಕೆ ಇನ್ನೇನಾದರೂ ಹೇಳುತ್ತಾರೇನೋ ಅಂತ ಅವರ ಮುಖ ನೋಡುತ್ತ ನಿಂತೇ ಇದ್ದಳು. ಪ್ರಿನ್ಸಿಪಾಲರು ಗಡಿಬಿಡಿಯಿಂದ ವಂದನಾರ್ಪಣೆ ಮಾಡಿಸಿಬಿಟ್ಟರು.

ಮರುದಿನದ ಪತ್ರಿಕೆಯಲ್ಲಿ, "ಸಭಿಕರ ಪ್ರಶ್ನೆಗಳಿಗೆ ಮಾಜಿ ರಾಯಭಾರಿಗಳು ಸಮರ್ಪಕವಾಗಿ ಉತ್ತರಿಸಿದರು" ಎಂದಿತ್ತು. ಬರೆದವನು ನಾನೇ. ಭಾಷಣ ಯಾರದ್ದೇ ಆಗಲಿ, ವರದಿಯ ಕೊನೆಗೆ ಆ ಸಾಲು ಸೇರಿಸುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.